ವಿನಿಮಯದಲ್ಲಿ ಗೆದ್ದವರು ಯಾರು?

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಕಾಲಿಗಿಂತ ಕೈಯಲ್ಲಿರುವುದೇ ಹೆಚ್ಚು. ಅದನ್ನು ಎಸೆದು ತಂಡವನ್ನು ಮುನ್ನಡೆಸುವವನೇ ಕ್ವಾರ್ಟರ್‌ಬ್ಯಾಕ್. ಎರಡು ತಂಡಗಳು ಇಂಥ ಆಟಗಾರರನ್ನೇ ಅದಲುಬದಲು ಮಾಡಿಕೊಂಡರೆ ಇಬ್ಬರ ಹೋಲಿಕೆ ವರ್ಷಗಟ್ಟಲೆ ನಡೆಯುತ್ತದೆ. 2021ರ ವಿನಿಮಯ ಇದಕ್ಕೊಂದು ನಿದರ್ಶನ.

ಡೆಟ್ರಾಯಿಟ್ ಲಯನ್ಸ್ ತಂಡದಲ್ಲಿ 12 ಋತು ಆಡಿದ್ದ ಮ್ಯಾಥ್ಯೂ ಸ್ಟಾಫರ್ಡ್ ನಾಕೌಟ್ ಹಂತದಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಜೇರೆಡ್ ಗಾಫ್ 2019ರಲ್ಲಿ ಸೂಪರ್ ಬೌಲ್ ಫೈನಲ್ ಆಡಿ ಸೋತಿದ್ದರು. ಆದರೂ ಸ್ಟಾಫರ್ಡ್ ಅವರನ್ನು ಪಡೆಯಲು ರ‍್ಯಾಮ್ಸ್, ಗಾಫ್ ಜೊತೆಗೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೂರು ಹಕ್ಕುಗಳನ್ನೂ ಬಿಟ್ಟುಕೊಟ್ಟಿತು. ಅವುಗಳಲ್ಲಿ ಎರಡು ಮೊದಲ ಸುತ್ತಿನವು.

2022ರ ಫೆಬ್ರುವರಿಯಲ್ಲಿ ರ‍್ಯಾಮ್ಸ್ 23–20ರಿಂದ ಸಿನ್ಸಿನಾಟಿ ಬೆಂಗಾಲ್ಸ್ ತಂಡವನ್ನು ಮಣಿಸಿ ಸೂಪರ್ ಬೌಲ್ ಗೆದ್ದಿತು. ಆ ಋತುವಿನ 17 ಪಂದ್ಯಗಳಲ್ಲಿ ಲಯನ್ಸ್‌ಗೆ ದಕ್ಕಿದ್ದು ಮೂರೇ ಗೆಲುವು. ವ್ಯಾಪಾರದಲ್ಲಿ ಗೆದ್ದವರು ಯಾರೆಂಬುದು ಇತ್ಯರ್ಥವಾದಂತೆಯೇ ಕಂಡಿತು.

2024ರ ಜನವರಿ 14ರಂದು ಡೆಟ್ರಾಯಿಟ್‌ನ ನಾಕೌಟ್ ಪಂದ್ಯದಲ್ಲಿ ಇಬ್ಬರೂ ಎದುರಾದರು. ಸ್ಟಾಫರ್ಡ್ ತಮ್ಮ ಎಸೆತಗಳಿಂದ ಗಳಿಸಿದ್ದು 367 ಗಜ, ಗಾಫ್ 277 ಗಜ. ಆದರೆ ಪಂದ್ಯ 24–23ರಿಂದ ಲಯನ್ಸ್ ಪಾಲಾಯಿತು. 32 ವರ್ಷಗಳ ನಂತರ ಆ ತಂಡಕ್ಕೆ ದೊರೆತ ಮೊದಲ ನಾಕೌಟ್ ಗೆಲುವು ಅದು. ಕ್ರೀಡಾಂಗಣದ ತುಂಬ ಗಾಫ್ ಹೆಸರೇ ಮೊಳಗಿತು.

ಒಂದು ತಂಡಕ್ಕೆ ಬೇಕಿದ್ದುದು ತಕ್ಷಣದ ಪ್ರಶಸ್ತಿ, ಇನ್ನೊಂದಕ್ಕೆ ಹೊಸದಾಗಿ ಕಟ್ಟಿಕೊಳ್ಳಲು ಕಾಲಾವಕಾಶ. ಎರಡೂ ಈಡೇರಿದವು. ಗಜಗಳ ಲೆಕ್ಕವೊಂದನ್ನೇ ಹಿಡಿದು ಹೋಲಿಸುವವರಿಗೆ ಇದು ಕಾಣುವುದಿಲ್ಲ.