ಅರ್ಬುದರೋಗಕ್ಕೆ ಮದ್ದು ದೊರೆತ ಬಗೆ

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮನೆಮಂದಿಯ ಜಂಘಾಬಲವೇ ಉಡುಗುವುದುಂಟು. ಮದ್ದು ಆರಂಭವಾದ ಮೇಲೆ ಕೂದಲುದುರಿ, ಬಾಯಿ ಹುಣ್ಣಾಗಿ, ಅನ್ನ ಸೇರದಂತಾದಾಗ ‘ರೋಗಕ್ಕಿಂತ ಮದ್ದೇ ಕ್ರೂರ’ವೆಂದು ಚಿಕಿತ್ಸೆಯನ್ನು ನಡುವೆಯೇ ಕೈಬಿಡುವವರೂ ಇದ್ದಾರೆ. ಆ ಮದ್ದು ಒಡಲೊಳಗೆ ಮಾಡುವ ಕೆಲಸವೇನು, ಅದು ಮನುಷ್ಯನ ಕೈಸೇರಿದ್ದು ಹೇಗೆ ಎಂಬುದನ್ನು ಅರಿತರೆ ಈ ದಿಗಿಲು ಬಹುಮಟ್ಟಿಗೆ ತಗ್ಗೀತು. ಅದಕ್ಕಾಗಿ ಮೆಥೊಟ್ರೆಕ್ಸೇಟ್ ಎಂಬ ಒಂದು ಔಷಧದ ಇತಿಹಾಸವನ್ನು ಓದುಗರ ಮುಂದಿಡುತ್ತಿದ್ದೇವೆ.

ಈ ಇತಿಹಾಸದ ಮೊದಲ ಎಳೆ ಮುಂಬಯಿಯಲ್ಲಿದೆ. 1928ರಲ್ಲಿ ಅಲ್ಲಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡುಕೊಂಡರು. ಇಂತಹ ಗುಣವುಳ್ಳ ಸತ್ತ್ವವನ್ನು 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ‘ಫೋಲಿಯಂ’ ಎಂದರೆ ಎಲೆ. ಅದಕ್ಕೆ ಫೋಲಿಕ್ ಆಮ್ಲವೆಂಬ ಹೆಸರು ಬಂದುದು ಹೀಗೆ.

ಎರಡನೆಯ ಎಳೆ ಭೀಮವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರದು. ಸ್ಪ್ರೂ ಎಂಬ ಕರುಳಿನ ವ್ಯಾಧಿಗೆ ಅವರ ಸೋದರರಿಬ್ಬರು ಬಲಿಯಾಗಿದ್ದರು. ಮದರಾಸಿನಲ್ಲಿ ವೈದ್ಯಕೀಯ ಕಲಿತು ಅಮೆರಿಕಕ್ಕೆ ತೆರಳಿದ ಅವರು, ಹಾರ್ವರ್ಡಿನಲ್ಲಿ ದುಡಿದು, 1940ರಲ್ಲಿ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸ್ಪ್ರೂ ವ್ಯಾಧಿಗೂ ಅದೇ ಮದ್ದಾಯಿತು.

ಆಗ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ರಕ್ತದ ಕ್ಯಾನ್ಸರಿಗೆ ತುತ್ತಾದ ಎಳೆಯರು ಕೆಲವೇ ವಾರ, ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದ ಕಾಲವದು. ಫೋಲಿಕ್ ಆಮ್ಲದ ಜಾತಿಯ ಪದಾರ್ಥ ಕೊಟ್ಟಾಗ ರೋಗ ಇನ್ನಷ್ಟು ಚುರುಕಾದಂತೆ ಅವರಿಗೆ ಕಂಡಿತು. ಪೋಷಿಸಿದರೆ ರೋಗ ಬೆಳೆಯುವುದಾದರೆ, ಆ ಪೋಷಣೆಯನ್ನೇ ತಡೆದರೇನು? ಸುಬ್ಬರಾವ್ ಅವರ ತಂಡವು ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕೆಲಸ ಮಾಡದ ‘ಅಮಿನೊಪ್ಟೆರಿನ್’ ಎಂಬ ವಸ್ತುವನ್ನು ಸಿದ್ಧಪಡಿಸಿ ಕಳುಹಿಸಿತು.

ವಾಚಕರು ಇಲ್ಲಿ ತುಸು ನಿಂತು ಗಮನಿಸಬೇಕು. ಜೀವಕೋಶವೊಂದು ಎರಡಾಗಬೇಕಾದರೆ ತನ್ನ ವಂಶವಾಹಿ ಪದಾರ್ಥವಾದ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಅದರ ಸಾಮಗ್ರಿಯನ್ನು ಸಿದ್ಧಗೊಳಿಸಲು ಫೋಲಿಕ್ ಆಮ್ಲ ಬೇಕು; ಆ ಆಮ್ಲವನ್ನು ಬಳಕೆಗೆ ಯೋಗ್ಯವಾಗಿಸಲು ಒಂದು ಕಿಣ್ವ ಬೇಕು. ಹುಸಿ ಕೀಲಿಕೈ ಬೀಗದೊಳಗೆ ಸಿಕ್ಕಿಕೊಂಡರೆ ನಿಜವಾದ ಕೀಲಿಕೈಗೆ ಎಡೆಯಿಲ್ಲದಂತಾಗುವ ಹಾಗೆ, ಈ ಔಷಧ ಆ ಕಿಣ್ವಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಕಲು ನಿಲ್ಲುತ್ತದೆ, ವಿಭಜನೆಗೆ ಹೊರಟ ಕೋಶ ಸಾಯುತ್ತದೆ. ಆದರೆ ಮದ್ದು ಬಲ್ಲದ್ದು ವೇಗವನ್ನು ಮಾತ್ರ, ಒಳಿತು ಕೆಡುಕುಗಳನ್ನಲ್ಲ. ಬಾಯಿ, ಕರುಳು, ಅಸ್ಥಿಮಜ್ಜೆಗಳ ಆರೋಗ್ಯವಂತ ಕೋಶಗಳೂ ಬೇಗಬೇಗನೆ ವಿಭಜಿಸುವುದರಿಂದ ಅವೂ ಪೆಟ್ಟು ತಿನ್ನುತ್ತವೆ. ಮದ್ದನ್ನು ಬಿಡುವು ಕೊಟ್ಟು ನೀಡುವುದು ಅವು ಚೇತರಿಸಿಕೊಳ್ಳಲೆಂದೇ.

1948ರ ಜೂನ್ ತಿಂಗಳಲ್ಲಿ ಫಾರ್ಬರ್ ತಮ್ಮ ವರದಿಯನ್ನು ಪ್ರಕಟಿಸಿದರು. 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ರೋಗ ಹಿಮ್ಮೆಟ್ಟಿತ್ತು. ಆದರೆ ಅದು ತಾತ್ಕಾಲಿಕವೆಂದು ಅವರು ಲೇಖನದ ತಲೆಬರಹದಲ್ಲಿಯೇ ಮರೆಮಾಚದೆ ಹೇಳಿದರು. ರೋಗ ಮರಳಿ ಬಂದಿತು. ವರದಿ ಪ್ರಕಟವಾದ ಸುಮಾರು ಎರಡು ತಿಂಗಳ ಬಳಿಕ, 53ನೆಯ ವಯಸ್ಸಿನಲ್ಲಿ ಸುಬ್ಬರಾವ್ ನಿಧನ ಹೊಂದಿದರು. ತಾಯ್ನಾಡಿಗೆ ಅವರು ಮರಳಲೇ ಇಲ್ಲ.

ಅವರು ನೆಟ್ಟ ಸಸಿ ಮಾತ್ರ ಒಣಗಲಿಲ್ಲ. ಅಮಿನೊಪ್ಟೆರಿನ್ನಿನ ಒಡಹುಟ್ಟಾದ ಮೆಥೊಟ್ರೆಕ್ಸೇಟಿನಿಂದ, ಗರ್ಭಸಂಬಂಧವಾದ ಒಂದು ಬಗೆಯ ಕ್ಯಾನ್ಸರ್ ವಾಸಿಯಾಗಬಲ್ಲದೆಂದು ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಜ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಮಕ್ಕಳ ರಕ್ತದ ಕ್ಯಾನ್ಸರಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮ ಅನಂತರ ಬಂದಿತು. ಅದರ ಬಹುಸಾಮಾನ್ಯ ಬಗೆಗೆ ಸಿಲುಕಿದ ಹತ್ತು ಮಕ್ಕಳಲ್ಲಿ ಎಂಟಕ್ಕೂ ಮಿಕ್ಕವರು, ಒಳ್ಳೆಯ ಸೌಕರ್ಯವಿರುವೆಡೆ, ಇಂದು ಬದುಕುಳಿಯುತ್ತಾರೆ.

ಆದುದರಿಂದ, ಆತ್ಮೀಯ ಓದುಗರೇ, ತಮ್ಮ ಬಂಧುಬಳಗದಲ್ಲಿ ಯಾರಿಗಾದರೂ ಈ ಚಿಕಿತ್ಸೆ ಒದಗಿದಲ್ಲಿ ಬಾಯಿಹುಣ್ಣು, ಜ್ವರಗಳನ್ನು ಕೂಡಲೇ ವೈದ್ಯರಿಗೆ ತಿಳಿಸಿರಿ. ನಿಶ್ಶಕ್ತಿಯೆಂದು ಅವರನ್ನು ಕೇಳದೆ ಫೋಲಿಕ್ ಆಮ್ಲದ ಮಾತ್ರೆ ಕೊಡದಿರಿ. ತಾತ್ಕಾಲಿಕವಾದ ಗೆಲುವನ್ನು ತಾತ್ಕಾಲಿಕವೆಂದೇ ಒಪ್ಪಿ ಮುಂದಡಿಯಿಟ್ಟವರಿಂದ ಈ ಮದ್ದು ನಮಗೆ ದೊರೆತಿದೆ. ರೋಗಿಯ ಮನೆಯವರಿಗೂ ಬೇಕಾದದ್ದು ಅದೇ ತಾಳ್ಮೆ.