ಲೌ ವಿಟೇಕರ್‌ಗೆ ಬಿದ್ದದ್ದು ಬರೀ 15 ಮತ

ಮೊದಲ ಚಿತ್ರದಲ್ಲಿರೋ ಅಂಗಿ ಸ್ವಲ್ಪ ಝೂಮ್ ಮಾಡಿ ನೋಡಿ. ಬೆನ್ನ ಮೇಲಿರೋ 1 ಅನ್ನೋ ಅಂಕಿ ಹೊಲಿದದ್ದಲ್ಲ, ಮಾರ್ಕರ್ ಪೆನ್ನಲ್ಲಿ ಕೈಯಾರೆ ಬರೆದದ್ದು. 1985ರ ಜುಲೈ 16ರಂದು ಮಿನಿಯಾಪೊಲಿಸ್‌ನಲ್ಲಿ ಬೇಸ್‌ಬಾಲ್ ಆಲ್‌ಸ್ಟಾರ್ ಪಂದ್ಯ. ಡೆಟ್ರಾಯಿಟ್ ಟೈಗರ್ಸ್ ತಂಡದ ಲೌ ವಿಟೇಕರ್ ತಮ್ಮ ಸಮವಸ್ತ್ರವನ್ನ ಕಾರಲ್ಲೇ ಮರೆತು ಬಂದಿದ್ರು. ಕೊನೆಗೆ ಸ್ಟೇಡಿಯಂನಲ್ಲಿ ಅಭಿಮಾನಿಗಳಿಗೆ ಮಾರೋ ಅಂಗಿ ತರಿಸಿ, ಅದರ ಮೇಲೆ ನಂಬರ್ ಗೀಚಿಕೊಂಡು ಆಡಿದ್ರು. ಆ ಅಂಗಿ ಇವತ್ತು ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ, ಅಂದ್ರೆ ಅಮೆರಿಕದ ರಾಷ್ಟ್ರೀಯ ಸಂಗ್ರಹಾಲಯದಲ್ಲಿ.

ಅಂಗಿ ತೊಟ್ಟ ಮನುಷ್ಯನ ಫಲಕ ಮಾತ್ರ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿಲ್ಲ.

ಹೋದ ಕಂತಲ್ಲಿ 1936ರ ಮೊದಲ ಐವರ ಕಥೆ ಹೇಳಿದ್ದೆ. ಬೇಬ್ ರೂತ್ ಹೆಸರನ್ನೂ ಬರೆಯದ 11 ಜನ ಪತ್ರಕರ್ತರಿದ್ರು ಅಂದಾಗ ನಿಮ್ಮಲ್ಲಿ ಅರ್ಧ ಜನ ನಂಬಲಿಲ್ಲ. ಈ ಸಲದ್ದು ಅದಕ್ಕಿಂತ ಹೊಟ್ಟೆ ಉರಿಸೋ ಲೆಕ್ಕ.

ನೀವೇ ಮತದಾರರು ಅಂದ್ಕೊಳ್ಳಿ. ನಿಮ್ಮ ಮುಂದೆ ನಿವೃತ್ತರಾದ ಇಬ್ಬರು ಆಟಗಾರರಿದ್ದಾರೆ, ಹೆಸರು ಮುಚ್ಚಿಟ್ಟಿದ್ದೀನಿ.

ಒಬ್ಬರು: 2,293 ಪಂದ್ಯ, 2,365 ಹಿಟ್, 185 ಹೋಮ್ ರನ್, ಬ್ಯಾಟಿಂಗ್ ಸರಾಸರಿ .285.
ಇನ್ನೊಬ್ಬರು: 2,390 ಪಂದ್ಯ, 2,369 ಹಿಟ್, 244 ಹೋಮ್ ರನ್, ಸರಾಸರಿ .276.

ಯಾರು ಒಳಗೆ, ಯಾರು ಹೊರಗೆ? ಹೆಚ್ಚು ಕಡಿಮೆ ಒಂದೇ ತೂಕ ಅನ್ಸುತ್ತೆ ಅಲ್ವಾ? ಮೊದಲನೆಯವರು ಅಲನ್ ಟ್ರಾಮೆಲ್, ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಎರಡನೆಯವರೇ ನಮ್ಮ ಲೌ.

ಇವರಿಬ್ಬರೂ ಬೇರೆ ಬೇರೆ ಊರಿನ ಎದುರಾಳಿಗಳಲ್ಲ. 1977ರ ಸೆಪ್ಟೆಂಬರ್ 9ರಂದು ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಒಂದೇ ದಿನ, ಒಂದೇ ತಂಡಕ್ಕೆ ಪಾದಾರ್ಪಣೆ ಮಾಡಿದವರು. ಲೌ ಸೆಕೆಂಡ್ ಬೇಸ್ ಕಾಯೋರು, ಅಲನ್ ಪಕ್ಕದಲ್ಲೇ ಶಾರ್ಟ್‌ಸ್ಟಾಪ್. ಚೆಂಡು ಒಬ್ಬರ ಕೈಗೆ ಬಂದು, ಇನ್ನೊಬ್ಬರಿಗೆ ಹೋಗಿ, ಅಲ್ಲಿಂದ ಫಸ್ಟ್ ಬೇಸ್‌ಗೆ ಹಾರಿ, ಒಂದೇ ಹೊಡೆತಕ್ಕೆ ಎದುರಾಳಿಯ ಇಬ್ಬರು ಔಟ್. ಇದನ್ನ ಡಬಲ್ ಪ್ಲೇ ಅಂತಾರೆ. ಒಂದೇ ಬಾಲಲ್ಲಿ ಇಬ್ಬರು ರನ್‌ಔಟ್ ಆದ್ರೆ ಹೇಗಿರುತ್ತೋ ಹಾಗೆ. 1995ರವರೆಗೆ, 1,918 ಪಂದ್ಯಗಳಲ್ಲಿ ಇವರು ಜೊತೆಯಾಗಿ ಆಡಿದ್ರು. 1984ರಲ್ಲಿ ಟೈಗರ್ಸ್ ಮೊದಲ 40 ಪಂದ್ಯದಲ್ಲಿ 35 ಗೆದ್ದು, ಕೊನೆಗೆ ವರ್ಲ್ಡ್ ಸೀರೀಸನ್ನೂ ಎತ್ತಿದಾಗ ನಡುಮೈದಾನದಲ್ಲಿ ಇದ್ದದ್ದು ಈ ಜೋಡಿಯೇ.

ಹಾಗಾದ್ರೆ ದಾರಿ ಕವಲೊಡೆದದ್ದು ಎಲ್ಲಿ? ಮತಪೆಟ್ಟಿಗೆಯಲ್ಲಿ.

ನಿಯಮ ಹೀಗಿದೆ. ಕನಿಷ್ಠ 10 ಸೀಸನ್ ಆಡಿರಬೇಕು, ನಿವೃತ್ತಿಯಾಗಿ 5 ವರ್ಷ ಕಳೆದಿರಬೇಕು. ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ 10 ವರ್ಷ ಪೂರೈಸಿದ ಪತ್ರಕರ್ತರು ಮತ ಹಾಕ್ತಾರೆ, ಒಬ್ಬರು ಹೆಚ್ಚೆಂದರೆ 10 ಹೆಸರು ಬರೆಯಬಹುದು. 75% ಬಂದ್ರೆ ಒಳಗೆ. 5%ಗಿಂತ ಕಡಿಮೆ ಬಂದ್ರೆ ಪಟ್ಟಿಯಿಂದಲೇ ಹೆಸರು ತೆಗೀತಾರೆ, ಪತ್ರಕರ್ತರ ಮುಂದೆ ಆ ಹೆಸರು ಮತ್ತೆ ಬರೋದಿಲ್ಲ.

2001ರಲ್ಲಿ ಲೌ ಹೆಸರು ಮೊದಲ ಸಲ ಬಂತು. ಮತ ಹಾಕಿದವರು 515 ಜನ. ಪಟ್ಟಿಯಲ್ಲಿ ಉಳಿಯೋಕೆ 26 ಮತ ಸಾಕಿತ್ತು. ಸಿಕ್ಕಿದ್ದು 15. ಶೇಕಡಾ 2.9. ಅಷ್ಟೇ, ಬಾಗಿಲು ಮುಚ್ಚಿತು.

ಆ ವರ್ಷದ ಪಟ್ಟಿ ಕಿಕ್ಕಿರಿದಿತ್ತು, ಒಪ್ಕೋತೀನಿ. ಡೇವ್ ವಿನ್‌ಫೀಲ್ಡ್, ಕರ್ಬಿ ಪಕೆಟ್ ಮೊದಲ ಯತ್ನದಲ್ಲೇ ಗೆದ್ರು. ಗ್ಯಾರಿ ಕಾರ್ಟರ್, ಜಿಮ್ ರೈಸ್, ಬ್ರೂಸ್ ಸಟರ್, ಬರ್ಟ್ ಬ್ಲೈಲೆವನ್ ಎಲ್ಲ ಕಾಯ್ತಿದ್ರು, ಮುಂದೆ ಇವರೆಲ್ಲ ಆಯ್ಕೆಯಾದರು. ಆದ್ರೆ ಅಸಲಿ ಕಾರಣ ಬೇರೆ ಅನ್ಸುತ್ತೆ ನಂಗೆ. ಲೌ ಮಾಡಿದ ಕೆಲಸ ಆಗ ಜನರ ಕಣ್ಣಿಗೆ ಬೀಳೋ ಅಂಥದ್ದಲ್ಲ. 1,197 ಸಲ ಅವರು ‘ವಾಕ್’ ಪಡೆದ್ರು, ಅಂದ್ರೆ ಕೆಟ್ಟ ಎಸೆತಗಳನ್ನ ತಾಳ್ಮೆಯಿಂದ ಬಿಟ್ಟು ಪುಕ್ಕಟೆ ಫಸ್ಟ್ ಬೇಸ್ ತಲುಪಿದ್ರು. ಇದು ಸರಾಸರಿಯ ಲೆಕ್ಕಕ್ಕೆ ಬರೋದೇ ಇಲ್ಲ! ಅದೇ ಕಾಲದ ಮತ್ತೊಬ್ಬ ಸೆಕೆಂಡ್ ಬೇಸ್‌ಮನ್ ರೈನ್ ಸ್ಯಾಂಡ್‌ಬರ್ಗ್ 2005ರಲ್ಲಿ ಆಯ್ಕೆಯಾದರು. ಅವರ ಸರಾಸರಿ .285, ವಾಕ್ 761. ಬೇಸ್ ತಲುಪಿದ ಪ್ರಮಾಣ ನೋಡಿದ್ರೆ ಲೌ .363, ಸ್ಯಾಂಡ್‌ಬರ್ಗ್ .344. ಹಾಗಂತ ಸ್ಯಾಂಡ್‌ಬರ್ಗ್ ಅನರ್ಹ ಅಂತಲ್ಲ, ಎಂವಿಪಿ ಗೆದ್ದ ದೊಡ್ಡ ಆಟಗಾರ. ಅವರಿಗೆ ತೆರೆದ ಬಾಗಿಲನ್ನ ಇವರು ತಟ್ಟೋಕೂ ಬಿಡಲಿಲ್ಲ ಅನ್ನೋದೇ ತಕರಾರು.

ಈಗ ಎಲ್ಲರ ಬಾಯಲ್ಲಿರೋ ‘ವಾರ್’ ಅನ್ನೋ ಲೆಕ್ಕವೂ ಇದನ್ನೇ ಹೇಳುತ್ತೆ. ಒಬ್ಬ ಸಾಧಾರಣ ಬದಲಿ ಆಟಗಾರನಿಗಿಂತ ಈತನಿಂದ ತಂಡಕ್ಕೆ ಎಷ್ಟು ಗೆಲುವು ಜಾಸ್ತಿ ಬಂತು ಅನ್ನೋ ಅಂದಾಜು ಅದು. ಬೇಸ್‌ಬಾಲ್ ರೆಫರೆನ್ಸ್ ಪ್ರಕಾರ ಲೌಗೆ ಸುಮಾರು 75, ಅಲನ್‌ಗೆ 71, ಸ್ಯಾಂಡ್‌ಬರ್ಗ್‌ಗೆ 68. ಈ ಅಂಕಿಯನ್ನ ವೇದವಾಕ್ಯ ಅಂತ ನಾನು ತಗೊಳ್ಳಲ್ಲ, ನೀವೂ ತಗೋಬೇಡಿ. ಆದ್ರೆ 2.9% ಅನ್ನೋ ತೀರ್ಪು ಅದರ ಪಕ್ಕ ನಿಲ್ಲೋದಿಲ್ಲ.

ಲೌ ವಿರುದ್ಧ ವಾದವೇ ಇಲ್ವಾ? ಇದೆ. ಎಡಗೈ ಬ್ಯಾಟರ್ ಆಗಿದ್ದ ಅವರಿಗೆ ಎಡಗೈ ಪಿಚರ್‌ಗಳ ಎದುರು ಅಷ್ಟು ಸಲೀಸಾಗಿರಲಿಲ್ಲ, ಕೊನೆಕೊನೆಗೆ ಅಂಥ ದಿನ ಅವರನ್ನ ಹೊರಗೆ ಕೂರಿಸ್ತಿದ್ರು. ಕಷ್ಟದ ದಿನಗಳು ಕಳೆದುಹೋದ್ರೆ ಅಂಕಿ ಚೆಂದ ಕಾಣುತ್ತೆ. ಒಮ್ಮೆಯೂ ಎಂವಿಪಿ ಹತ್ತಿರ ಬರಲಿಲ್ಲ, 1983ರ 8ನೇ ಸ್ಥಾನವೇ ಅತ್ಯುತ್ತಮ. ಇದನ್ನೆಲ್ಲ ತೂಗಿ ಬೇಡ ಅಂದಿದ್ರೆ ಬೇಜಾರಿರಲಿಲ್ಲ. ತೂಗಲೇ ಇಲ್ಲ, ಅದೇ ಬೇಜಾರು.

ಯಾಕಂದ್ರೆ ಇಂಥ ಆಟಗಾರರಿಗೆ ಬೇಕಾಗೋದು ಸಮಯ. ಬ್ಲೈಲೆವನ್ 1999ರಲ್ಲಿ 14.1%ರಲ್ಲಿದ್ರು, 2011ರಲ್ಲಿ 14ನೇ ಯತ್ನಕ್ಕೆ ಗೆದ್ರು. ಲ್ಯಾರಿ ವಾಕರ್ 2014ರಲ್ಲಿ 10.2%, 2020ರ ಕೊನೇ ಅವಕಾಶದಲ್ಲಿ 76.6%. ಇವರಿಬ್ಬರೂ ಆಮೇಲೆ ಹೊಸದಾಗಿ ಏನೂ ಆಡಲಿಲ್ಲ, ನೋಡೋ ಕಣ್ಣು ಬದಲಾಯ್ತು ಅಷ್ಟೇ. ಅಲನ್ ಕೂಡ 2002ರಲ್ಲಿ 15.7%ರಿಂದ ಶುರು ಮಾಡಿ 15 ವರ್ಷ ಪಟ್ಟಿಯಲ್ಲಿ ಉಳಿದ್ರು. ಪತ್ರಕರ್ತರು ಆರಿಸಲಿಲ್ಲ, ಆದ್ರೆ ಹೆಸರು ಚರ್ಚೆಯಲ್ಲಿತ್ತು. 2017ರ ಡಿಸೆಂಬರ್‌ನಲ್ಲಿ ಹಳೆ ಆಟಗಾರರನ್ನ ಮತ್ತೆ ಪರಿಶೀಲಿಸೋ 16 ಜನರ ಸಮಿತಿ ಅವರನ್ನ ಆರಿಸಿತು, ಜೊತೆಗೆ ಅದೇ ಟೈಗರ್ಸ್‌ನ ಪಿಚರ್ ಜ್ಯಾಕ್ ಮಾರಿಸ್. 2018ರಲ್ಲಿ ಕೂಪರ್ಸ್‌ಟೌನ್ ವೇದಿಕೆ ಮೇಲೆ ನಿಂತು ಅಲನ್, ಲೌ ಕೂಡ ಒಂದು ದಿನ ಅಲ್ಲಿಗೆ ಬರಲಿ ಅಂತ ಆಶಿಸಿದ್ರು.

2019ರ ಡಿಸೆಂಬರ್‌ನಲ್ಲಿ ಅದೇ ಸಮಿತಿ ಎದುರು ಲೌ ಹೆಸರು ಬಂತು. 12 ಮತ ಬೇಕಿತ್ತು, ಸಿಕ್ಕಿದ್ದು 6.

ಕೊನೇ ಚಿತ್ರ 2022ರ ಆಗಸ್ಟ್ 6ರದ್ದು. ಟೈಗರ್ಸ್ ತಂಡ ಅವರ ನಂಬರ್ 1 ಅನ್ನ ಶಾಶ್ವತವಾಗಿ ಅವರಿಗೇ ಮೀಸಲಿಟ್ಟ ದಿನ. ಈ ಸಲ ಮಾರ್ಕರ್ ಪೆನ್ ಬೇಕಾಗಲಿಲ್ಲ. ಅದಾಗಿ ನಾಲ್ಕು ತಿಂಗಳಿಗೆ ಸಮಿತಿ ಮತ್ತೆ ಸೇರಿತು, ಪರಿಶೀಲನೆಗೆ 8 ಹೆಸರು ಬಂದವು. ಅದರಲ್ಲಿ ಲೌ ಇರಲಿಲ್ಲ.

ಆ 16 ಜನರಲ್ಲಿ ನೀವೊಬ್ಬರಾಗಿದ್ರೆ ಏನ್ಮಾಡ್ತಿದ್ರಿ? ಕಾಮೆಂಟಲ್ಲಿ ಬರೀರಿ, ಆದ್ರೆ ಎಡಗೈ ಪಿಚರ್‌ಗಳ ವಿಷಯ ಮರೀಬೇಡಿ.