ರಸ್ತೆ ಸುರಕ್ಷತೆ: ಗೆಳೆಯ ಹೇಳಿದರೆ ಕೇಳುತ್ತಾರೆ

ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ಯಾವ ಕಾಯಿಲೆಯೂ ಅಲ್ಲ, ರಸ್ತೆ ಅಪಘಾತ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಎಲ್ಲ ವಯಸ್ಸಿನವರೂ ಸೇರಿ ರಸ್ತೆಯಲ್ಲಿ ಸತ್ತವರು ಸುಮಾರು 11.9 ಲಕ್ಷ.

ಇದನ್ನು ತಡೆಯಲು ಯುವಕರೇ ಮುಂದೆ ನಿಲ್ಲಬೇಕು ಎಂಬ ಮಾತಿಗೆ ದೊಡ್ಡ ವೇದಿಕೆ ಸಿಕ್ಕಿದ್ದು 2007ರ ಏಪ್ರಿಲ್‌ನಲ್ಲಿ, ಜಿನೀವಾದಲ್ಲಿ ನಡೆದ ವಿಶ್ವ ಯುವ ಸಮಾವೇಶದಲ್ಲಿ. ಅದರಿಂದಲೇ 2009ರಲ್ಲಿ ‘ಯೂತ್ ಫಾರ್ ರೋಡ್ ಸೇಫ್ಟಿ’ ಎಂಬ ಸಂಘಟನೆ ಹುಟ್ಟಿತು. ಕೇರಳದಲ್ಲಿ 2010ರಲ್ಲಿ ಶುರುವಾದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯಲ್ಲೂ ಸಂಚಾರ ನಿಯಮದ ಪಾಠವಿದೆ. 2018ರಲ್ಲಿ ಅದು ದೇಶಕ್ಕೇ ವಿಸ್ತರಿಸಿತು.

ಗೆಳೆಯರ ಮಾತು ಯಾಕೆ ನಾಟುತ್ತದೆ? ಪೊಲೀಸರನ್ನು ಕಂಡು ತಲೆಗೇರಿದ ಹೆಲ್ಮೆಟ್ ತಿರುವು ದಾಟಿದ ಕೂಡಲೇ ಕನ್ನಡಿಗೆ ನೇತಾಡುತ್ತದೆ. ಉಪ್ಪ ಬೈದರೂ, ಉಮ್ಮ ಬೇಡಿಕೊಂಡರೂ ಅಷ್ಟೇ. ಹುಡುಗರಿಗೆ ದಂಡಕ್ಕಿಂತ ಜೊತೆಗಾರರು ನಕ್ಕಾರು ಎಂಬ ಹೆದರಿಕೆ ದೊಡ್ಡದು. ಹಿಂದೆ ಕೂರಬೇಕಾದವನೇ "ಹೆಲ್ಮೆಟ್ ಇಲ್ಲವಾ? ಹಾಗಾದ್ರೆ ನಾನು ಹತ್ತಲ್ಲ, ನೀನು ಹೋಗು" ಅಂದರೆ ಲೆಕ್ಕ ತಿರುಗುತ್ತದೆ. ಭಾಷಣ, ಬ್ಯಾನರ್, ಫೋಟೊ ಎಲ್ಲ ಸೇರಿದರೂ ಈ ಒಂದು ಮಾತಿಗೆ ಸಮವಲ್ಲ. ಹೆಲ್ಮೆಟ್ ಧರಿಸಿದ ಬೈಕ್ ಸವಾರರಲ್ಲಿ ತಲೆಗೆ ಪೆಟ್ಟಾಗುವ ಅಪಾಯ ಸುಮಾರು 69%, ಸಾವಿನ ಅಪಾಯ ಸುಮಾರು 42% ಕಡಿಮೆ ಎಂದು ಅಧ್ಯಯನಗಳ ಪರಿಶೀಲನೆ ತೋರಿಸಿದೆ.

ಕಾಸರಗೋಡಿಗೆ ಇದು ಇನ್ನೂ ಹತ್ತಿರದ ವಿಷಯ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗಿದೆ. ವೇಗ ಏರಿದೆ, ಯು-ಟರ್ನ್ ದೂರವಾಗಿದೆ. ಹೀಗಿರುವಾಗ "ಸ್ವಲ್ಪ ದೂರ ತಾನೇ" ಎಂದು ಎದುರು ದಿಕ್ಕಿನಲ್ಲಿ ನುಗ್ಗುವ ಸ್ಕೂಟರನ್ನು ತಡೆಯಲು ಪ್ರತಿ ಜಂಕ್ಷನ್‌ನಲ್ಲೂ ಪೊಲೀಸ್ ಇರಲಾರರು. ಆದರೆ ಹಿಂದಿನ ಸೀಟಿನಲ್ಲಿ ಗೆಳೆಯ ಇರುತ್ತಾನೆ.

ಮನೆಯವರಿಗೂ ಗೊತ್ತಿರಬೇಕಾದ ಸಂಗತಿಯೊಂದಿದೆ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ವಾಹನದ ಮಾಲಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಗಲ್ಫಿಗೆ ಹೋಗಿ ಡ್ರೈವಿಂಗ್ ಕೆಲಸ ಹಿಡಿಯುವ ಆಸೆಯುಳ್ಳವನಿಗೆ ಇದು ಸಣ್ಣ ನಷ್ಟವಲ್ಲ.

ಅದೇ ಕಾಯ್ದೆಯ 134ಎ ಕಲಮು ಗಾಯಾಳುವಿಗೆ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತೆಯೂ ಇಲ್ಲ. ಅಪಘಾತ ಕಂಡವರು ವಿಡಿಯೊ ಮಾಡುವ ಮೊದಲು 112ಕ್ಕೆ ಅಥವಾ 108 ಆಂಬ್ಯುಲೆನ್ಸಿಗೆ ಕರೆ ಮಾಡಬಹುದು.